ಹೆರಿಗೆಗೆ ಮುಂಚೆ, ಹೆರಿಗೆಯ ನಂತರ

ಕರ್ನಾಟಕದಲ್ಲಿ ಮನೆಯಲ್ಲೇ ಹೆರಿಗೆಯಾಗುವುದು ಈಗ ಅಪರೂಪ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ರಾಜ್ಯದ ನೂರು ಹೆರಿಗೆಗಳಲ್ಲಿ ಸುಮಾರು 65 ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-20ರ ಹೊತ್ತಿಗೆ ಈ ಸಂಖ್ಯೆ 97ಕ್ಕೆ ಏರಿತ್ತು. ಇದೇ ಅವಧಿಯಲ್ಲಿ ತಾಯಂದಿರ ಮರಣ ಪ್ರಮಾಣವೂ ಇಳಿಯಿತು. ಬಸಿರಿನ ಅವಧಿಯಲ್ಲಾಗಲಿ, ಬಸಿರು ಮುಗಿದ 42 ದಿನಗಳೊಳಗಾಗಲಿ, ಅಪಘಾತದಂತಹ ಹೊರಗಿನ ಕಾರಣದಿಂದಲ್ಲದೆ ಬಸಿರಿಗೇ ಸಂಬಂಧಿಸಿದ ಅಥವಾ ಬಸಿರಿನಿಂದ ಉಲ್ಬಣಿಸಿದ ತೊಂದರೆಯಿಂದ ಹೆಣ್ಣುಮಗಳೊಬ್ಬಳು ತೀರಿಕೊಂಡರೆ ಅದನ್ನು ತಾಯಿ ಮರಣವೆಂದು ಪರಿಗಣಿಸಿ, ಒಂದು ಲಕ್ಷ ಜೀವಂತ ಜನನಗಳಿಗೆ ಅಂತಹ ಸಾವುಗಳೆಷ್ಟು ಎಂದು ಲೆಕ್ಕ ಹಾಕಲಾಗುತ್ತದೆ. ಕೇಂದ್ರ ಸರ್ಕಾರ ನಿರಂತರವಾಗಿ ನಡೆಸುವ ಮಾದರಿ ನೋಂದಣಿ ವ್ಯವಸ್ಥೆಯ ಅಂಕಿಅಂಶಗಳಂತೆ ಕರ್ನಾಟಕದಲ್ಲಿ ಈ ಪ್ರಮಾಣ 2004-06ರಲ್ಲಿ 213 ಇದ್ದು, 2018-20ರಲ್ಲಿ 69ಕ್ಕೆ ಇಳಿಯಿತು. ಒಂದೂವರೆ ದಶಕದಲ್ಲಿ ಮೂರನೇ ಒಂದು ಭಾಗಕ್ಕಿಂತಲೂ ಕೆಳಗೆ ಬಂದ ಈ ಇಳಿಕೆಯ ಹಿಂದೆ ಸರ್ಕಾರದ ಹಣ, ಯೋಜನೆ ಮತ್ತು ಸಾವಿರಾರು ಆರೋಗ್ಯ ಕಾರ್ಯಕರ್ತೆಯರ ದುಡಿಮೆ ಇದೆ. ಅದನ್ನು ಕಡೆಗಣಿಸಿ ಈ ವಿಷಯವನ್ನು ಚರ್ಚಿಸುವುದು ನ್ಯಾಯವಲ್ಲ.

ಆದರೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಬೇರೆ ಪುಟಗಳನ್ನು ತೆರೆದರೆ ಚಿತ್ರ ಬದಲಾಗುತ್ತದೆ. 2015-16ರಲ್ಲಿ ರಾಜ್ಯದ ಗರ್ಭಿಣಿಯರಲ್ಲಿ ಶೇ 45.4ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಮುಂದಿನ ಸಮೀಕ್ಷೆಯಲ್ಲಿ ಅದು ಶೇ 45.7. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಶೇ 60.9ರಿಂದ ಶೇ 65.5ಕ್ಕೆ ಏರಿತು. ದೀರ್ಘಕಾಲದ ಪೋಷಣೆಯ ಕೊರತೆಯಿಂದ ವಯಸ್ಸಿಗೆ ತಕ್ಕ ಎತ್ತರ ಬಾರದೆ ಕುಂಠಿತಗೊಂಡ ಮಕ್ಕಳ ಪ್ರಮಾಣ ಶೇ 36.2ರಿಂದ ಶೇ 35.4ಕ್ಕೆ ಬಂದು ನಿಂತಿತು, ಅಂದರೆ ಇಳಿಯಿತೆನ್ನುವಷ್ಟೂ ಇಳಿಯಲಿಲ್ಲ. ಹೆರಿಗೆಯ ದಿನವನ್ನು ಸುರಕ್ಷಿತಗೊಳಿಸುವಲ್ಲಿ ಯಶಸ್ಸು ಕಂಡ ವ್ಯವಸ್ಥೆಯು ಆ ದಿನಕ್ಕೆ ಮುಂಚಿನ ಒಂಬತ್ತು ತಿಂಗಳು ಮತ್ತು ಅನಂತರದ ಒಂದೆರಡು ವರ್ಷಗಳನ್ನು ಅದೇ ಕಾಳಜಿಯಿಂದ ತಲುಪಿಲ್ಲ ಎಂಬುದನ್ನು ಈ ಅಂಕಿಗಳು ಹೇಳುತ್ತವೆ. ಆ ಅವಧಿಯ ಆರೈಕೆ ದೊಡ್ಡ ಆಸ್ಪತ್ರೆಯ ಕೆಲಸವಲ್ಲ. ಅದು ಪೂರ್ತಿಯಾಗಿ ಪ್ರಾಥಮಿಕ ಆರೋಗ್ಯ ವ್ಯವಸ್ಥೆಗೆ ಸೇರಿದ್ದು.

ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಭಾರತದಲ್ಲಿ ಸ್ವಾತಂತ್ರ್ಯಕ್ಕಿಂತ ಹಳೆಯದು. ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿ ಸಲ್ಲಿಸಿದ ಸಮಿತಿಯು ಚಿಕಿತ್ಸೆ ಮತ್ತು ರೋಗತಡೆಗಳನ್ನು ಬೇರ್ಪಡಿಸದೆ ಹಳ್ಳಿಗೆ ಹತ್ತಿರದ ಒಂದೇ ಕೇಂದ್ರದಿಂದ ಒದಗಿಸಬೇಕೆಂದೂ, ಹಣ ಕೊಡಲಾಗದವರು ಆ ಕಾರಣಕ್ಕಾಗಿ ಆರೈಕೆಯಿಂದ ವಂಚಿತರಾಗಬಾರದೆಂದೂ ಶಿಫಾರಸು ಮಾಡಿತು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಜೊತೆಗೆ ಈ ಕೇಂದ್ರಗಳು ರೂಪುಗೊಳ್ಳತೊಡಗಿದವು. ತಾಯಿ ಮತ್ತು ಮಕ್ಕಳ ಪೋಷಣೆಯ ಹೊಣೆ ಮಾತ್ರ ಮತ್ತೊಂದು ಇಲಾಖೆಯ ಪಾಲಾಯಿತು: 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ ಆಯ್ಕೆಯಾಯಿತು, ಅಂಗನವಾಡಿಗಳು ಅಲ್ಲಿಂದ ರಾಜ್ಯದ ಉದ್ದಗಲಕ್ಕೂ ಹರಡಿದವು. ಹೀಗೆ ಒಬ್ಬಳೇ ಗರ್ಭಿಣಿಯ ಚುಚ್ಚುಮದ್ದು ಆರೋಗ್ಯ ಇಲಾಖೆಗೂ ಊಟ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೂ ಹಂಚಿಹೋದದ್ದು, ಎರಡು ಬೇರೆ ವಹಿಗಳು, ಎರಡು ಬೇರೆ ಸಭೆಗಳು, ಎರಡು ಬೇರೆ ಮೇಲಧಿಕಾರಿಗಳು ಎಂಬ ರೂಪದಲ್ಲಿ ಇಂದಿಗೂ ಉಳಿದುಕೊಂಡಿದೆ.

ಆರೋಗ್ಯ ಇಲಾಖೆಯ ಏಣಿಯಲ್ಲಿ ಮೊದಲ ಮೆಟ್ಟಿಲು ಉಪಕೇಂದ್ರ. ಬಯಲುಸೀಮೆಯಲ್ಲಿ ಐದು ಸಾವಿರ, ಗುಡ್ಡಗಾಡು ಹಾಗೂ ಬುಡಕಟ್ಟು ಪ್ರದೇಶಗಳಲ್ಲಿ ಮೂರು ಸಾವಿರ ಜನರಿಗೆ ಒಂದು ಉಪಕೇಂದ್ರವಿರಬೇಕೆಂಬುದು ನಿಯಮ. ಜನ ಸಿಸ್ಟರ್ ಅಥವಾ ನರ್ಸಮ್ಮ ಎಂದು ಕರೆಯುವ, ಇಲಾಖೆಯ ಕಾಗದಗಳಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನಿಸಿಕೊಳ್ಳುವ ಎಎನ್‌ಎಂ ಅದನ್ನು ನಡೆಸುತ್ತಾರೆ. ಅದರ ಮೇಲೆ ಮೂವತ್ತು ಸಾವಿರ ಜನರಿಗೊಂದರಂತೆ ವೈದ್ಯಾಧಿಕಾರಿಯಿರುವ ಪ್ರಾಥಮಿಕ ಆರೋಗ್ಯ ಕೇಂದ್ರ, ಅನಂತರ ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳು. 2005ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಉಪಕೇಂದ್ರಕ್ಕಿಂತಲೂ ಕೆಳಗೆ, ಮನೆಬಾಗಿಲಿಗೆ ಇನ್ನೊಂದು ಮೆಟ್ಟಿಲನ್ನು ಸೇರಿಸಿತು: ಸುಮಾರು ಸಾವಿರ ಜನಸಂಖ್ಯೆಗೆ ಅದೇ ಊರಿನ ಒಬ್ಬ ಮಹಿಳೆ ಆಶಾ ಕಾರ್ಯಕರ್ತೆಯಾಗಿ ನೇಮಕಗೊಂಡರು.

ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದದ್ದು ಈ ಕೊನೆಯ ಮೆಟ್ಟಿಲು. ಅದಕ್ಕೆ ಮುಂಚೆ ಹಳ್ಳಿಗಾಡಿನ ಹೆರಿಗೆಗಳನ್ನು ತಲೆತಲಾಂತರದಿಂದ ನೋಡಿಕೊಂಡವರು ಸೂಲಗಿತ್ತಿಯರು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ರಾಜ್ಯ ಆ ಇಡೀ ಪರಂಪರೆಗೆ ಕೈಮುಗಿಯಿತು. ಎಷ್ಟೇ ನುರಿತ ಕೈಯಾದರೂ ರಕ್ತ ಒದಗಿಸಲು, ಶಸ್ತ್ರಚಿಕಿತ್ಸೆ ಮಾಡಲು ಆಗದು ಎಂಬ ಮಿತಿಯನ್ನು ದಾಟಲೆಂದೇ ಆಸ್ಪತ್ರೆ ಹೆರಿಗೆಗೆ ಒತ್ತು ಬಂತು. ಜನನಿ ಸುರಕ್ಷಾ ಯೋಜನೆಯಡಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಕರ್ನಾಟಕದ ಗ್ರಾಮೀಣ ಭಾಗದಲ್ಲಿ 700 ರೂಪಾಯಿ, ನಗರದಲ್ಲಿ 600 ರೂಪಾಯಿ ನಿಗದಿಯಾಯಿತು. ರಾಜ್ಯ ಸರ್ಕಾರ ತನ್ನ ಪಾಲಿಗೆ ಪ್ರಸೂತಿ ಆರೈಕೆ, ಬಾಣಂತಿ ಮತ್ತು ಕೂಸಿಗೆ ಬೇಕಾದ ಬಟ್ಟೆ, ಹೊದಿಕೆಗಳನ್ನು ಒಳಗೊಂಡ ಮಡಿಲು ಕಿಟ್, ಖಾಸಗಿ ಆಸ್ಪತ್ರೆಗಳನ್ನೂ ಜೊತೆಗೆ ಸೇರಿಸಿಕೊಂಡ ತಾಯಿ ಭಾಗ್ಯದಂತಹ ಯೋಜನೆಗಳನ್ನು ತಂದಿತು. 2008ರ ನವೆಂಬರ್ 1ರಂದು ಆರೋಗ್ಯ ಕವಚ ಹೆಸರಿನಲ್ಲಿ 108 ಆಂಬ್ಯುಲೆನ್ಸ್ ರಸ್ತೆಗಿಳಿಯಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಒಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಆಸ್ಪತ್ರೆಯಲ್ಲಿರುವಷ್ಟು ದಿನದ ಊಟ, ಹೋಗುವ ಮತ್ತು ಹಿಂದಿರುಗುವ ವಾಹನ ಎಲ್ಲವೂ ಉಚಿತವಾಗಿ ಸಿಗಬೇಕಾದ ಹಕ್ಕು ಎಂದು ಘೋಷಿಸಿತು. ನೆರವಿನ ಮೊತ್ತಕ್ಕಿಂತ ಈ ಹಕ್ಕಿನ ಘೋಷಣೆಯೇ ದೊಡ್ಡದು. ಏಕೆಂದರೆ ಆಸ್ಪತ್ರೆಯ ಬಾಗಿಲಲ್ಲಿ ಕೈಚಾಚುವವರನ್ನು ಪ್ರಶ್ನಿಸಲು ಬಡ ಕುಟುಂಬಕ್ಕೆ ಅದು ಆಧಾರ ಕೊಟ್ಟಿತು. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲಿ ನೀಡಿದ ವರದಿಯಲ್ಲೇ ಭ್ರಷ್ಟಾಚಾರವನ್ನು ರಾಜ್ಯದ ಆರೋಗ್ಯ ಸೇವೆಯ ಮುಖ್ಯ ರೋಗಗಳಲ್ಲೊಂದೆಂದು ಗುರುತಿಸಿತ್ತು.

ತಾಯಂದಿರು ಸಾಯುವುದು ಯಾವುದರಿಂದ ಎಂಬುದನ್ನು ನೋಡಿದರೆ ಪ್ರಾಥಮಿಕ ಹಂತದ ಮಹತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವ, ಬಸಿರಿನಲ್ಲಿ ರಕ್ತದೊತ್ತಡ ಏರಿ ಫಿಟ್ಸ್‌ಗೆ ತಿರುಗುವ ಗರ್ಭಿಣಿ ನಂಜು, ಹೆರಿಗೆಯ ವೇಳೆ ತಗುಲಿದ ಸೋಂಕು ಮೈಗೆಲ್ಲ ಹರಡುವ ಬಾಣಂತಿ ನಂಜು ಇವು ಮುಖ್ಯ ಕಾರಣಗಳು. ಇವುಗಳಿಗೆ ಮದ್ದು ಹೊಸದೇನಲ್ಲ, ದುಬಾರಿಯೂ ಅಲ್ಲ. ಗರ್ಭಕೋಶ ಬಿಗಿದುಕೊಂಡು ರಕ್ತ ನಿಲ್ಲುವಂತೆ ಮಾಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನೂ ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಕೊಡಬಲ್ಲರು. ಆದರೆ ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಬೇಕು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಕರೆಂಟು ಹೋದ ಕೇಂದ್ರದ ಕಪಾಟಿನಲ್ಲಿ ಇಟ್ಟರೆ ಅದು ಸತ್ವ ಕಳೆದುಕೊಳ್ಳುತ್ತದೆ, ಕೊಟ್ಟವರಿಗೂ ಅದು ತಿಳಿಯುವುದಿಲ್ಲ. ತಾಯಿ ಮರಣದ ಅಧ್ಯಯನಗಳಲ್ಲಿ ಮೂರು ವಿಳಂಬಗಳ ಮಾತು ಬರುತ್ತದೆ: ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ನಿರ್ಧರಿಸುವುದರಲ್ಲಿ ಆಗುವ ತಡ, ದಾರಿಯಲ್ಲಿ ಆಗುವ ತಡ, ಆಸ್ಪತ್ರೆ ತಲುಪಿದ ಮೇಲೆ ಚಿಕಿತ್ಸೆ ಆರಂಭವಾಗುವುದರಲ್ಲಿ ಆಗುವ ತಡ. ಆಶಾ ಮೊದಲನೆಯದನ್ನೂ 108 ಎರಡನೆಯದನ್ನೂ ಬಹುಮಟ್ಟಿಗೆ ತಗ್ಗಿಸಿವೆ. ಕರ್ನಾಟಕದಲ್ಲಿ ಈಗ ಜೀವ ತೆಗೆಯುತ್ತಿರುವುದು ಹೆಚ್ಚಾಗಿ ಮೂರನೆಯದು, ಅಂದರೆ ಇಲ್ಲಿ ಸ್ತ್ರೀರೋಗ ತಜ್ಞರಿದ್ದರೆ ಅರಿವಳಿಕೆ ತಜ್ಞರಿಲ್ಲ, ಇಬ್ಬರೂ ಇದ್ದರೆ ರಕ್ತವಿಲ್ಲ ಎಂದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸುತ್ತಾ ಹೋಗುವ ಪದ್ಧತಿ.

ಈ ಮೂರನೆಯ ವಿಳಂಬಕ್ಕೆ ತಾಯಿ ಎಷ್ಟು ಹೊತ್ತು ಎದುರಾಗಿ ನಿಲ್ಲಬಲ್ಲಳು ಎಂಬುದು ಅವಳ ಮೈಯಲ್ಲಿ ಎಷ್ಟು ರಕ್ತವಿದೆ ಎಂಬುದರ ಮೇಲೆ ನಿಂತಿದೆ. ಗರ್ಭಿಣಿಯ ರಕ್ತದಲ್ಲಿ ಆಮ್ಲಜನಕ ಒಯ್ಯುವ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಪುಷ್ಟವಾಗಿರುವ ಹೆಂಗಸು ತಡೆದುಕೊಳ್ಳಬಲ್ಲ ರಕ್ತಸ್ರಾವವೇ ಹಿಮೋಗ್ಲೋಬಿನ್ 7 ಇರುವವಳ ಪ್ರಾಣಕ್ಕೆ ಎರವಾಗುತ್ತದೆ, ಮತ್ತು ಅವಳ ಹೊಟ್ಟೆಯ ಮಗು ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ, ದಿನ ತುಂಬುವ ಮೊದಲೇ ಹುಟ್ಟುವ ಸಂಭವ ಹೆಚ್ಚು. ಆದ್ದರಿಂದಲೇ ಬಸಿರಿನ ನಾಲ್ಕನೇ ತಿಂಗಳಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ದಿನಕ್ಕೊಂದು ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ನುಂಗಬೇಕೆಂಬ ನಿಯಮವಿದೆ. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಇದನ್ನೂ ಮಕ್ಕಳು ಮತ್ತು ಹದಿಹರೆಯದವರಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕೊಡುವ ಕಬ್ಬಿಣಾಂಶವನ್ನೂ ಒಂದೇ ಚೌಕಟ್ಟಿಗೆ ತಂದಿತು.

ಮಾತ್ರೆ ಹಂಚುವುದು ಸುಲಭ, ನುಂಗಿಸುವುದು ಕಷ್ಟ. ಬಸಿರಿನ ವಾಕರಿಕೆಯ ಜೊತೆಗೆ ಮಾತ್ರೆಯಿಂದಲೂ ಹೊಟ್ಟೆ ತೊಳಸುತ್ತದೆ, ಮಲಬದ್ಧತೆಯಾಗುತ್ತದೆ, ಮಲ ಕಪ್ಪಾಗಿ ಹೋಗುತ್ತದೆ. ಮಾತ್ರೆ ತಿಂದರೆ ಮಗು ದಪ್ಪಗಾಗಿ ಹೆರಿಗೆ ಕಷ್ಟವಾದೀತೆಂಬ ಭಯ ಮನೆಯ ಹಿರಿಯರಲ್ಲಿದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆಹುಳಿ ಬೆರೆತ ಊಟದ ಜೊತೆಗಾದರೆ ಚೆನ್ನಾಗಿ ಹತ್ತುತ್ತದೆ, ಕ್ಯಾಲ್ಸಿಯಂ ಮಾತ್ರೆಯನ್ನು ಅದರೊಡನೆ ಒಟ್ಟಿಗೆ ತೆಗೆದುಕೊಳ್ಳಬಾರದು ಎಂಬ ಸಣ್ಣ ಸಣ್ಣ ಮಾತುಗಳನ್ನು ಯಾರಾದರೂ ಮನೆಯ ಜಗಲಿಯಲ್ಲಿ ಕುಳಿತು, ಗರ್ಭಿಣಿಗೆ ಮಾತ್ರವಲ್ಲದೆ ಅವಳ ಅತ್ತೆಗೂ ತಿಳಿಹೇಳಬೇಕು. ಮಾತ್ರೆಯಿಂದ ಸುಧಾರಿಸದವರಿಗೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವ ಐರನ್ ಸುಕ್ರೋಸ್ ಚುಚ್ಚುಮದ್ದು ವೈದ್ಯರಿರುವ ಕೇಂದ್ರದಲ್ಲಿ ಸಾಧ್ಯ. ಆದರೆ ಅದಕ್ಕೆ ಮೊದಲು ರಕ್ತ ಪರೀಕ್ಷೆ ನಿಜವಾಗಿ ನಡೆದಿರಬೇಕು, ತಪಾಸಣೆಯ ವಿವರ ದಾಖಲಿಸುವ ತಾಯಿ ಕಾರ್ಡ್‌ನಲ್ಲಿ ಬರೆದ ಅಂಕಿ ಅಂದಾಜಿನದಾಗಿರಬಾರದು, ಕಡಿಮೆ ಬಂದವಳನ್ನು ಹದಿನೈದು ದಿನಕ್ಕೊಮ್ಮೆಯಾದರೂ ಹುಡುಕಿ ಕರೆಸಬೇಕು. 2016ರಿಂದ ಪ್ರತಿ ತಿಂಗಳ 9ನೇ ತಾರೀಕು ಎರಡನೇ ಮತ್ತು ಮೂರನೇ ತ್ರೈಮಾಸಿಕದ ಗರ್ಭಿಣಿಯರನ್ನು ವೈದ್ಯರೇ ಪರೀಕ್ಷಿಸಿ ಅಪಾಯದ ಬಸಿರುಗಳನ್ನು ಗುರುತಿಸುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಈ ಕೆಲಸಕ್ಕೆ ಒಂದು ಗೊತ್ತಾದ ದಿನವನ್ನು ಕೊಟ್ಟಿದೆ. ಗುರುತಿಸಿದ ಮೇಲೆ ಉಳಿದ ಇಪ್ಪತ್ತೊಂಬತ್ತು ದಿನ ಆ ಗರ್ಭಿಣಿಯ ಬೆನ್ನುಹತ್ತುವವರು ಯಾರು ಎಂಬಲ್ಲಿಯೇ ಸಡಿಲವಿದೆ.

ರಕ್ತಹೀನತೆಯ ಬೇರು ತಟ್ಟೆಯಲ್ಲಿದೆ ಎಂಬುದನ್ನು ಒಪ್ಪಿಕೊಂಡ ಯೋಜನೆ ಮಾತೃಪೂರ್ಣ. 2017ರ ಅಕ್ಟೋಬರ್ 2ರಂದು ಆರಂಭವಾದ ಈ ಯೋಜನೆಯಲ್ಲಿ ಗರ್ಭಿಣಿ ಮತ್ತು ಬಾಣಂತಿಯರಿಗೆ ತಿಂಗಳಿಗೆ 25 ದಿನ ಅಂಗನವಾಡಿಯಲ್ಲೇ ಅನ್ನ, ಸಾರು, ಪಲ್ಯ, ಹಾಲು, ಮೊಟ್ಟೆ, ಕಡಲೆಬೀಜದ ಚಿಕ್ಕಿ ಕೊಡುವ ಏರ್ಪಾಡಾಯಿತು. ಮನೆಗೆ ಒಯ್ಯುವ ಪಡಿತರ ಇಡೀ ಕುಟುಂಬಕ್ಕೆ ಹಂಚಿಹೋಗಿ, ಎಲ್ಲರ ಊಟವಾದ ಮೇಲೆ ಉಣ್ಣುವ ಸೊಸೆಯ ಪಾಲಿಗೆ ಏನೂ ಉಳಿಯುವುದಿಲ್ಲವೆಂಬ ಅನುಭವದಿಂದ, ಅಲ್ಲೇ ಕೂರಿಸಿ ಬಡಿಸುವ ಕ್ರಮವನ್ನು ಆರಿಸಿಕೊಂಡದ್ದು ಸರಿಯಾದ ಆಲೋಚನೆ. ಆದರೆ ಮನೆಗಳು ತೋಟದ ನಡುವೆ ಚದುರಿರುವ ಮಲೆನಾಡಿನಲ್ಲಿ ತುಂಬುಬಸುರಿ ದಿನವೂ ಗುಡ್ಡ ಹತ್ತಿಳಿದು ಅಂಗನವಾಡಿಗೆ ಬರುವುದು ಹೇಗೆ, ಬಾಣಂತನದ ಮೊದಲ ತಿಂಗಳಲ್ಲಿ ಹೊಸ್ತಿಲು ದಾಟಬಾರದೆಂಬ ಪದ್ಧತಿಯಿರುವ ಮನೆಯಿಂದ ಬಾಣಂತಿಯನ್ನು ಕರೆತರುವವರು ಯಾರು, ಕೂಲಿಗೆ ಹೋದ ಹೆಣ್ಣು ಮಧ್ಯಾಹ್ನದ ಹೊತ್ತಿಗೆ ಮರಳುವಳೇ ಎಂಬ ಪ್ರಶ್ನೆಗಳಿಗೆ ಇಡೀ ರಾಜ್ಯಕ್ಕೆ ಒಂದೇ ನಿಯಮ ಉತ್ತರ ಕೊಡಲಾರದು. ಉಣಬಡಿಸುವುದೋ ಒಯ್ದು ಕೊಡುವುದೋ ಎಂಬುದನ್ನು ಆಯಾ ಊರಿನ ನೆಲ, ದುಡಿಮೆಗಳನ್ನು ಅರಿತ ಅಂಗನವಾಡಿ ಕಾರ್ಯಕರ್ತೆ ಮತ್ತು ಗ್ರಾಮ ಪಂಚಾಯಿತಿಗೆ ಬಿಟ್ಟುಕೊಟ್ಟಿದ್ದರೆ ಯೋಜನೆ ಇನ್ನೂ ಆಳಕ್ಕೆ ಇಳಿಯುತ್ತಿತ್ತು.

ಬಾಣಂತಿಯ ಊಟದ ವಿಷಯದಲ್ಲಿ ಬಡತನಕ್ಕಿಂತ ಪಥ್ಯವೇ ಕೆಲವೆಡೆ ಹೆಚ್ಚು ಹಾನಿ ಮಾಡುತ್ತದೆ. ಹಸಿಸೊಪ್ಪು ಬೇಡ, ಹಣ್ಣು ಶೀತ, ನೀರು ಕಡಿಮೆ ಕುಡಿಯಬೇಕು ಎಂಬ ಕಟ್ಟಳೆಗಳು ಹಾಲೂಡುವ ತಾಯಿಗೆ ಅತ್ಯಂತ ಅಗತ್ಯವಾದುದನ್ನೇ ತಪ್ಪಿಸುತ್ತವೆ. ಎಣ್ಣೆನೀರು, ಬೆಚ್ಚಗಿನ ಕೋಣೆ, ತಿಂಗಳುಗಟ್ಟಲೆ ವಿಶ್ರಾಂತಿಗಳನ್ನು ಕಲ್ಪಿಸಿದ ಅದೇ ಬಾಣಂತನದ ಸಂಪ್ರದಾಯದಲ್ಲಿ ಉಳಿಸಿಕೊಳ್ಳಬೇಕಾದದ್ದೂ ಸಾಕಷ್ಟಿದೆ. ಅದನ್ನು ಪೂರ್ತಿ ಹಳಿಯುವ ಆರೋಗ್ಯ ಶಿಕ್ಷಣಕ್ಕೆ ಅಜ್ಜಿಯರು ಕಿವಿಗೊಡುವುದಿಲ್ಲ.

ವ್ಯವಸ್ಥೆಯ ಲೆಕ್ಕಕ್ಕೆ ಸಿಗದೆ ಜಾರುವ ಇನ್ನೊಂದು ಸಂದರ್ಭ ತವರಿಗೆ ಹೋಗುವುದು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬ ವಾಡಿಕೆಯಂತೆ ಗಂಡನ ಊರಿನ ಉಪಕೇಂದ್ರದಲ್ಲಿ ಹೆಸರು ಬರೆಸಿದವಳು ಏಳನೇ ತಿಂಗಳಿಗೆ ಇನ್ನೊಂದು ಜಿಲ್ಲೆಗೆ, ಕೆಲವೊಮ್ಮೆ ಗಡಿದಾಟಿ ಇನ್ನೊಂದು ರಾಜ್ಯಕ್ಕೆ ಹೋಗುತ್ತಾಳೆ. ಅಪಾಯ ಹೆಚ್ಚುವ ಕೊನೆಯ ಎರಡು ತಿಂಗಳು ಅವಳನ್ನು ಬಲ್ಲ ಆಶಾ ಒಂದೂರಲ್ಲಿ, ಅವಳು ಇನ್ನೊಂದೂರಲ್ಲಿ. ಗುಳೆ ಹೋಗುವ ಕುಟುಂಬಗಳ ಪಾಡು ಇದಕ್ಕಿಂತ ಕಠಿಣ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗೋವಾ, ಮುಂಬಯಿಗಳಿಗೋ ಹೋದ ಗರ್ಭಿಣಿಗೆ ಶೆಡ್ಡಿನ ಸುತ್ತಮುತ್ತ ಯಾವ ಅಂಗನವಾಡಿಗೆ ಹೋಗಬೇಕೆಂಬುದೂ ತಿಳಿದಿರುವುದಿಲ್ಲ. ಪ್ರತಿ ಗರ್ಭಿಣಿಗೂ ಗುರುತಿನ ಸಂಖ್ಯೆ ಕೊಟ್ಟು ಕಂಪ್ಯೂಟರಿನಲ್ಲಿ ದಾಖಲಿಸುವ ಏರ್ಪಾಡು ಹದಿನೈದು ವರ್ಷಗಳಿಂದ ಒಂದಲ್ಲ ಒಂದು ರೂಪದಲ್ಲಿದೆ, ತಾಯಿ ಕಾರ್ಡ್ ಎಲ್ಲಿ ತೋರಿಸಿದರೂ ನಡೆಯುತ್ತದೆ. ಆದರೆ ಅವಳು ಊರು ಬಿಟ್ಟ ದಿನ ಆ ಸುದ್ದಿ ಹೊಸ ಊರಿನ ಆಶಾಳ ಫೋನಿಗೆ ಮುಟ್ಟದಿದ್ದರೆ ಆ ಸಂಖ್ಯೆ ಬರೀ ದಾಖಲೆಯಾಗಿಯೇ ಉಳಿಯುತ್ತದೆ.

ಮಕ್ಕಳ ಕಡೆಗೆ ತಿರುಗಿದರೆ ಲಸಿಕೆಯ ಕೆಲಸ ಹೆಮ್ಮೆ ಪಡುವಂತಿದೆ. 1985ರಲ್ಲಿ ಶುರುವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ, 2014ರ ಡಿಸೆಂಬರ್‌ನಲ್ಲಿ ಬಿಟ್ಟುಹೋದ ಮಕ್ಕಳನ್ನು ಹುಡುಕಲು ಬಂದ ಇಂದ್ರಧನುಷ್ ಅಭಿಯಾನ, ಇವುಗಳ ಫಲವಾಗಿ ರಾಜ್ಯದಲ್ಲಿ ಪೂರ್ಣ ಲಸಿಕೆ ಪಡೆದ 12ರಿಂದ 23 ತಿಂಗಳ ಮಕ್ಕಳ ಪ್ರಮಾಣ 2015-16 ಮತ್ತು 2019-20ರ ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ ಶೇ 62.6ರಿಂದ ಶೇ 84.1ಕ್ಕೆ ಏರಿತು. ಉಳಿದಿರುವ ಸಂಕಟ ಹುಟ್ಟಿದ ಮೊದಲ ತಿಂಗಳದು. 2020ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡವರು 28, ಅವರಲ್ಲಿ 20 ಮಕ್ಕಳು ಮೊದಲ 28 ದಿನಗಳಲ್ಲೇ ಹೋದವರು. ಕರ್ನಾಟಕದಲ್ಲಿ ಆ ವರ್ಷದ ಶಿಶು ಮರಣ ಪ್ರಮಾಣ 19. ಆಸ್ಪತ್ರೆಯಿಂದ ಮನೆಗೆ ಬಂದ ಬಾಣಂತಿಯನ್ನು ಆಶಾ 3, 7, 14, 21, 28 ಮತ್ತು 42ನೇ ದಿನ ಕಂಡು, ಮಗುವನ್ನು ತೂಗಿ, ಮೈ ಬೆಚ್ಚಗಿದೆಯೇ, ಹಾಲು ಹೀರುತ್ತಿದೆಯೇ, ಉಸಿರಾಟ ವೇಗವಾಗಿದೆಯೇ ಎಂದು ನೋಡಬೇಕು. ತಾಯಿಗೆ ಜ್ವರ, ರಕ್ತಸ್ರಾವಗಳಿವೆಯೇ ಎಂದು ವಿಚಾರಿಸಬೇಕು. ಈ ಆರು ಭೇಟಿಗಳು ನಿಜವಾಗಿ ನಡೆದ ಕಡೆ ಅದಕ್ಕಿಂತ ಅಗ್ಗದ, ಅದಕ್ಕಿಂತ ಫಲಕಾರಿಯಾದ ಶಿಶು ಆರೈಕೆ ಮತ್ತೊಂದಿಲ್ಲ.

ಇಷ್ಟೆಲ್ಲ ಹೊರೆ ಹೊತ್ತ ಆಶಾ ಕಾರ್ಯಕರ್ತೆಯನ್ನು ಸರ್ಕಾರ ಇಂದಿಗೂ ನೌಕರಳೆಂದು ಒಪ್ಪಿಲ್ಲ. ಅವಳು ಸ್ವಯಂಸೇವಕಿ; ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸವೊಂದಕ್ಕೆ ಇಷ್ಟೆಂಬ ಪ್ರೋತ್ಸಾಹಧನ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಭಾರತದ ಆಶಾಗಳನ್ನು ಜಾಗತಿಕ ಆರೋಗ್ಯ ನಾಯಕತ್ವ ಪ್ರಶಸ್ತಿಯಿಂದ ಗೌರವಿಸಿತು, 2025ರ ಜನವರಿಯಲ್ಲಿ ಅವರೇ ಬೆಂಗಳೂರಿನ ಫ್ರೀಡಂ ಪಾರ್ಕ್‌ನ ಚಳಿಯಲ್ಲಿ ರಾತ್ರಿ ಕಳೆದು ತಿಂಗಳಿಗೆ ಕನಿಷ್ಠ ಹತ್ತು ಸಾವಿರ ರೂಪಾಯಿಯ ಭರವಸೆ ಪಡೆಯಬೇಕಾಯಿತು. ಕೆಲಸವೊಂದಕ್ಕೆ ಹಣ ಎಂಬ ಪದ್ಧತಿಯಲ್ಲಿ ಇನ್ನೊಂದು ದೋಷವೂ ಇದೆ: ಎಣಿಸಬಹುದಾದ ಹೆರಿಗೆ, ಲಸಿಕೆಗಳಿಗೆ ಬೆಲೆ ಸಿಗುತ್ತದೆ, ಜಗಲಿಯಲ್ಲಿ ಕುಳಿತು ಅತ್ತೆಯ ಮನಸ್ಸು ತಿರುಗಿಸಿದ ಒಂದು ಗಂಟೆಗೆ ಬೆಲೆ ಸಿಗುವುದಿಲ್ಲ. ಎಎನ್‌ಎಂ ಹುದ್ದೆಗಳು ಖಾಲಿಯಿರುವಲ್ಲಿ ಒಬ್ಬರೇ ಎರಡು ಉಪಕೇಂದ್ರಗಳನ್ನು ನೋಡಿಕೊಳ್ಳುತ್ತಾ, ಉಳಿದ ಹೊತ್ತನ್ನು ಹಲವು ಆ್ಯಪ್‌ಗಳಿಗೆ ಒಂದೇ ಮಾಹಿತಿಯನ್ನು ಮತ್ತೆ ಮತ್ತೆ ತುಂಬುವುದರಲ್ಲಿ ಕಳೆಯುತ್ತಾರೆ.

2018-20ರ ಲೆಕ್ಕದಲ್ಲಿ ಕರ್ನಾಟಕದ ತಾಯಿ ಮರಣ ಪ್ರಮಾಣ 69 ಇದ್ದಾಗ ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರಪ್ರದೇಶದಲ್ಲಿ 45, ತಮಿಳುನಾಡಿನಲ್ಲಿ 54 ಇತ್ತು. ದಕ್ಷಿಣದ ಈ ನೆರೆಯ ರಾಜ್ಯಗಳೆಲ್ಲಕ್ಕಿಂತ ಕರ್ನಾಟಕ ಹಿಂದೆ ಉಳಿದಿರುವುದಕ್ಕೆ ಉತ್ತರ ಮತ್ತು ದಕ್ಷಿಣ ಜಿಲ್ಲೆಗಳ ನಡುವಿನ ಅಂತರವೂ ಒಂದು ಕಾರಣ, 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕುವಾರು ತೋರಿಸಿಕೊಟ್ಟ ಅಸಮತೋಲನದಲ್ಲಿ ಆರೋಗ್ಯವೂ ಸೇರಿತ್ತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಮೃತಪಟ್ಟು, ರಕ್ತನಾಳಕ್ಕೆ ಹಾಕುವ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದಾಗ ರಾಜ್ಯ ಬೆಚ್ಚಿಬಿದ್ದಿತು. ಅನಂತರ ರಾಜ್ಯದಾದ್ಯಂತದ ತಾಯಿ ಮರಣಗಳನ್ನು ಪರಿಶೀಲಿಸಿದ ಸಮಿತಿ ಅವುಗಳಲ್ಲಿ ಬಹುಪಾಲನ್ನು ತಪ್ಪಿಸಬಹುದಿತ್ತೆಂದು ವರದಿ ಕೊಟ್ಟಿತು. ತಜ್ಞರನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಒಟ್ಟುಗೂಡಿಸಿ ಹಗಲಿರುಳೂ ಹೆರಿಗೆ ಸೇವೆ ಒದಗಿಸುವತ್ತ ಸರ್ಕಾರ ಈಗ ವಾಲುತ್ತಿರುವುದು ಮೂರನೆಯ ವಿಳಂಬಕ್ಕೆ ತಕ್ಕ ಉತ್ತರವೇ. ಹಾಗೆ ಮಾಡುವಾಗ ಹೆರಿಗೆಯಿಲ್ಲದ ಪ್ರಾಥಮಿಕ ಕೇಂದ್ರಕ್ಕೆ ಕೆಲಸವಿಲ್ಲವೆಂದು ಭಾವಿಸಿ ಅಲ್ಲಿನ ನರ್ಸ್‌ಗಳನ್ನು ಎಳೆದುಕೊಂಡರೆ, ರಕ್ತಹೀನತೆಯ ಅಂಕಿ ಅಲ್ಲಾಡುವುದಿಲ್ಲ.

ನಿಯಮದ ಪ್ರಕಾರ ಪ್ರತಿ ತಾಯಿ ಮರಣದ ನಂತರವೂ ಆರೋಗ್ಯ ಸಿಬ್ಬಂದಿ ಆ ಮನೆಗೆ ಹೋಗಿ, ಬಸಿರಿನ ಮೊದಲ ದಿನದಿಂದ ಏನೇನಾಯಿತೆಂದು ಮನೆಯವರಿಂದ ಕೇಳಿ ಬರೆದುಕೊಳ್ಳಬೇಕು. ಅದನ್ನು ಜಿಲ್ಲಾ ಮಟ್ಟದಲ್ಲಿ ಪರಿಶೀಲಿಸಬೇಕು. ಈ ವಿಚಾರಣೆಯ ಉದ್ದೇಶ ತಪ್ಪಿತಸ್ಥರನ್ನು ಹಿಡಿಯುವುದಲ್ಲ, ಯಾವ ಹಂತದಲ್ಲಿ ಯಾವುದು ಸಿಗಲಿಲ್ಲವೆಂದು ತಿಳಿಯುವುದು. ಶಿಕ್ಷೆಯ ಭಯವಿರುವ ಕಡೆ ಸಿಬ್ಬಂದಿ ಸತ್ಯ ಬರೆಯುವುದಿಲ್ಲ, ಬರೆದದ್ದು ಊರಿಗೆ ಮರಳಿ ಬರುವುದಿಲ್ಲ. ಪ್ರತಿ ಹಳ್ಳಿಯಲ್ಲೂ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯೆಂಬುದು ಕಾಗದದಲ್ಲಿದೆ, ಅದಕ್ಕೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿಯ ಅನುದಾನವೂ ಇದೆ. ಹೆಸರುಗಳನ್ನು ತೆಗೆದು, ಕಾರಣಗಳನ್ನು ಮಾತ್ರ ಉಳಿಸಿ, ಆ ವರದಿಯನ್ನು ಈ ಸಮಿತಿಯ ಮುಂದಿಟ್ಟರೆ, ಮುಂದಿನ ತಿಂಗಳು ತುಂಬುವ ಗರ್ಭಿಣಿಯರ ಪಟ್ಟಿ ಹಿಡಿದು ವಾಹನ ಯಾರದು, ರಕ್ತ ಕೊಡುವವರು ಯಾರು, ಮಾತ್ರೆ ನಿಲ್ಲಿಸಿದವಳು ಯಾವ ಮನೆಯವಳು ಎಂದು ಆ ಊರಿನವರೇ ಕುಳಿತು ಗೊತ್ತುಮಾಡಲು ಸಾಧ್ಯವಾಗುತ್ತದೆ.